ಅನಾನಸಿನ ಶೆರೆ

ಆ ಮಳೆಗಾಲ ನಮ್ಮ ಮನೆಯಲ್ಲಿ ಐಸು ಒಡೆಯುವ ಕೆಲಸ ನನ್ನದಾಗಿತ್ತು. ಕಾಳಿ ಸೇತುವೆಯಾಚೆಯ ಐಸ್ ಫ್ಯಾಕ್ಟರಿಯಿಂದ ಅಣ್ಣ ಅರ್ಧ ಲಾದಿ ಐಸಿನ ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ತರುತ್ತಿದ್ದ. ಮೀನಿಗೆ ಹಾಕುವ ಐಸು ಅದು. ಎರಡು ಕೊಡ ನೀರು ಹೊಯ್ದು ತೊಳೆದು, ಹಳೆಯ ಲುಂಗಿಯ ತುಂಡಿನಲ್ಲಿ ಕಟ್ಟಿ, ಜಗಲಿಯ ಕಲ್ಲಿನ ಮೇಲಿಟ್ಟು ಕೊಡತಿಯಿಂದ ಬಡಿಯಬೇಕು. "ಹಿಟ್ಟು ಮಾಡ್ಬೇಡ, ಹರಳು ಮಾಡು," ಎಂದು ಅಣ್ಣ ಒಳಗಿನಿಂದ ಕೂಗುತ್ತಿದ್ದ. ನಾನು ಹಿಟ್ಟನ್ನೇ ಮಾಡುತ್ತಿದ್ದೆ. ಪ್ರತಿ ಏಟಿಗೂ ನನ್ನ ಮನಸ್ಸಿನಲ್ಲಿ ಒಂದು ಮುಖ ಇರುತ್ತಿತ್ತು, ಅದು ಅಪ್ಪನದು.

ಕೊಡತಿ ನಮ್ಮ ತಾಯಿಯದು, ಆಯಿಯದು. ಅಂಕೋಲೆಯ ಕಡಲ ಬದಿಯ ತವರಿನಿಂದ ಅವಳು ತಂದ ಸಾಮಾನುಗಳಲ್ಲಿ ಕೊನೆಗೆ ಉಳಿದದ್ದು ಅದೊಂದೇ. ಅಜ್ಜಿ ಕೊಳೆ ಹಾಕಿದ ತೆಂಗಿನ ಸಿಪ್ಪೆಯನ್ನು ಅದರಲ್ಲಿ ಬಡಿದು ನಾರು ಬಿಡಿಸುತ್ತಿದ್ದಳಂತೆ. ಹಿಡಿಕೆ ಸವೆದು ನುಣುಪಾಗಿತ್ತು, ತಲೆ ಮಾತ್ರ ಗಟ್ಟಿಮುಟ್ಟು. ಚಿತ್ತಾಕುಲದ ನಮ್ಮ ಮನೆಯಲ್ಲಿ ನಾರು ಬಡಿಯುವ ಕೆಲಸ ಇರಲಿಲ್ಲ. ನಮ್ಮದು ದೋಣಿ, ಬಲೆ, ಮೀನು. ಹಾಗಾಗಿ ಕೊಡತಿ ಒಲೆಯ ಹಿಂದೆ ಮಸಿ ಹಿಡಿದು ಬಿದ್ದಿತ್ತು. ಅದನ್ನು ಹೊರಗೆ ತೆಗೆದವನು ಅಣ್ಣ.

ಅಪ್ಪ ಆಯಿಗೆ ಹೊಡೆಯುತ್ತಿದ್ದ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆಯುತ್ತಿದ್ದ, ಕಡಿಮೆಯಾದರೂ ಹೊಡೆಯುತ್ತಿದ್ದ. ಬಲೆಗೆ ಮೀನು ಬೀಳದ ದಿನ ಹೊಡೆಯುತ್ತಿದ್ದ, ಬಿದ್ದ ದಿನ ಕುಡಿದು ಬಂದು ಹೊಡೆಯುತ್ತಿದ್ದ. ಒಮ್ಮೆ ಅಂಗೈಯಿಂದ ಕೊಟ್ಟ ಏಟಿಗೆ ಅವಳ ಎಡಗಿವಿಯಿಂದ ರಕ್ತ ಬಂತು, ಆಮೇಲೆ ಆ ಕಿವಿ ಕೇಳಲೇ ಇಲ್ಲ. ಅಂದಿನಿಂದ ನಾವು ಅವಳ ಬಲಕ್ಕೆ ನಿಂತು ಮಾತಾಡುವುದನ್ನು ರೂಢಿ ಮಾಡಿಕೊಂಡೆವು. ಸದಾಶಿವಗಡದ ಮೀನು ಪೇಟೆಯಲ್ಲಿ ಗಿರಾಕಿ ಎಡಕ್ಕೆ ನಿಂತು ಚೌಕಾಶಿ ಮಾಡಿದರೆ ಆಯಿ ಉತ್ತರ ಕೊಡುತ್ತಿರಲಿಲ್ಲ. ಸೊಕ್ಕಿನ ಹೆಂಗಸು ಎಂದು ಅವಳಿಗೆ ಹೆಸರು ಬಂದಿತ್ತು.

ಇದೆಲ್ಲ ಊರಿಗೆ ಗೊತ್ತಿತ್ತು, ಊರಿನ ಬಳಿ ಅದಕ್ಕೊಂದು ಮಾತೂ ಇತ್ತು. ಪಕ್ಕದ ಮನೆಯ ಕಾಕಿ ಅರಿಶಿನ ಅರೆದು ಆಯಿಯ ಬೆನ್ನಿಗೆ ಹಚ್ಚುತ್ತಲೇ ಹೇಳುತ್ತಿದ್ದಳು, "ಅಂವ ಎಲ್ಲಿ ಹೊಡೂದು ಬಾಯ್? ಶೆರೆ ಹೊಡಸ್ತದೆ. ಕುಡೀದಿದ್ರೆ ಅಂವ ದೇವರಂಥ ಮನ್ಷ." ಅಂಕೋಲೆಯಿಂದ ಬರುತ್ತಿದ್ದ ಮಾವ, ಆಯಿಯ ಸ್ವಂತ ಅಣ್ಣ, ಅವನೂ ಅದನ್ನೇ ಹೇಳಿ, ಸಾರು ಅನ್ನ ಉಂಡು, ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಬೆಳಗ್ಗೆ ಎದ್ದು ಅಪ್ಪನೇ ತಲೆ ಕೆರೆದುಕೊಂಡು, "ಎಂತಾ ಮಾಡ್ದೆನೋ, ನೆನಪೇ ಇಲ್ಲ ನೋಡು," ಎನ್ನುತ್ತಿದ್ದ. ಆಯಿ ನಂಬಿದಳು. ಬದುಕಬೇಕಲ್ಲ, ನಂಬದೆ ಏನು ಮಾಡಿಯಾಳು.

ನಂಬಿದ್ದರಿಂದಲೇ ಅವಳು ಹರಕೆ ಹೊತ್ತಳು. ನಮ್ಮ ನದಿ ದಂಡೆಯಲ್ಲಿ ಒಬ್ಬ ದೇವರಿದ್ದಾನೆ. ಅವನಿಗೆ ಹಣ್ಣುಕಾಯಿಗಿಂತ ಶೆರೆ, ಬೀಡಿಯೇ ಪ್ರೀತಿ. ಗಂಡನ ಕುಡಿತ ಬಿಡಿಸಿದರೆ ಗೋವೆಯ ಫೆಣಿಯ ತುಂಬು ಬಾಟಲಿಯನ್ನು ಅವನ ಕಲ್ಲಿನ ಮೇಲೆ ಹೊಯ್ಯುತ್ತೇನೆ ಎಂದು ಆಯಿ ಹೇಳಿಕೊಂಡಿದ್ದಳು. ಕುಡಿತ ಬಿಡಿಸಲು ಕುಡಿಯುವ ದೇವರಿಗೇ ಕುಡಿಸುವುದರಲ್ಲಿ ನಮ್ಮಲ್ಲಿ ಯಾರಿಗೂ ತಮಾಷೆ ಕಾಣಿಸುವುದಿಲ್ಲ. ಅವನಿಗೆ ಗೊತ್ತಿಲ್ಲದ ಶೆರೆಯೇ, ಅವನಿಗಿಂತ ಚೆನ್ನಾಗಿ ಬಿಡಿಸುವವರು ಯಾರು ಎಂದು ಹೆಂಗಸರು ಕೇಳುತ್ತಾರೆ. ಆಯಿ ಪ್ರತಿ ಅಮಾವಾಸ್ಯೆಗೆ ಹೋಗಿ ದೇವರಿಗೆ ಅದನ್ನು ನೆನಪು ಮಾಡಿ ಬರುತ್ತಿದ್ದಳು.

ಅಣ್ಣ ಹಡಗಿನಲ್ಲಿದ್ದ. ಮೀನಿನ ಹಡಗಲ್ಲ, ಫಾರಿನ್ ಮಂದಿ ರಜೆಗೆಂದು ದ್ವೀಪದಿಂದ ದ್ವೀಪಕ್ಕೆ ತಿರುಗುವ ದೊಡ್ಡ ಹಡಗು. ಮೊದಲು ತಟ್ಟೆ ತೊಳೆಯುತ್ತಿದ್ದವನು ಆಮೇಲೆ ಬಾರಿನ ಹಿಂದೆ ನಿಂತು ಕಾಕ್‌ಟೇಲ್ ಮಾಡುವವನಾಗಿದ್ದ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿರಬೇಕು, ಮಳೆ ಶುರುವಾಗಿ ದೊಡ್ಡ ಬೋಟುಗಳೆಲ್ಲ ದಡ ಸೇರಿದ ಹೊತ್ತಿನಲ್ಲಿ ಅವನು ಉದ್ದನೆಯ ರಜೆ ಹಾಕಿ ಬಂದ. ನಾನು ಆಗ ಕಾರವಾರದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಣ್ಣನ ಪೆಟ್ಟಿಗೆಯಲ್ಲಿ ಆಯಿಗೆ ಶಾಲು, ನನಗೆ ಸೆಂಟು, ಅಪ್ಪನಿಗೆ ಕಪ್ಪು ರಮ್ಮಿನ ಬಾಟಲಿ ಇತ್ತು. ಜೊತೆಗೆ ಒಂದು ಪೊಟ್ಟಣದ ತುಂಬ ಬೆರಳುದ್ದದ ಕಾಗದದ ಕೊಡೆಗಳು. ಶೆರೆಗೆ ಕೊಡೆ ಹಿಡಿಯುವ ಮಂದಿಯೂ ಇದ್ದಾರೆ ಎಂದು ನನಗೆ ಗೊತ್ತಾದದ್ದು ಅವತ್ತು.

ಬಂದ ಮರುದಿನ ಮಧ್ಯಾಹ್ನದೊಳಗೆ ಅಪ್ಪ ಆ ಬಾಟಲಿ ಮುಗಿಸಿದ. ಊಟಕ್ಕೆ ಕೂತವನು, ಅನ್ನ ತಣ್ಣಗಾಗಿದೆ ಎಂದು ತಟ್ಟೆಯನ್ನು ಆಯಿಯ ಮುಖಕ್ಕೆ ಎಸೆದ. ಹುಬ್ಬಿನ ಮೇಲೆ ಚರ್ಮ ಹರಿಯಿತು. ಅಷ್ಟಕ್ಕೆ ನಿಲ್ಲಲಿಲ್ಲ, ಎದ್ದು ಅವಳ ಕೂದಲಿಗೆ ಕೈ ಹಾಕಿದ. ಅಣ್ಣ ಹಿಂದಿನಿಂದ ಅವನ ತೋಳು ಹಿಡಿದ. ಬಲೆ ಎಳೆದು ಗಟ್ಟಿಯಾದ ತೋಳು ಅದು. ಮೊಣಕೈ ಬೀಸಿದ ಏಟಿಗೆ ಅಣ್ಣನ ಕೆಳಗಿನ ಹಲ್ಲು ಮುರಿದು ಅನ್ನದ ಮೇಲೆ ಬಿತ್ತು. ನನಗೆ ಏನಾಯಿತೋ, ಹೋಗಿ ಅಪ್ಪನ ಮುಂಗೈಗೆ ಬಾಯಿ ಹಾಕಿದೆ. ಅವನು ನನ್ನ ತಲೆಯನ್ನು ಗೋಡೆಗೆ ಕುಟ್ಟಿದ, ನಾನು ಬಿಡಲಿಲ್ಲ, ನಾಲಿಗೆಗೆ ಉಪ್ಪು ಹತ್ತುವವರೆಗೂ ಕಚ್ಚಿದೆ. ನಿಜ ಹೇಳಬೇಕೆಂದರೆ ಅವತ್ತು ನನಗೆ ಸಮಾಧಾನವಾಯಿತು.

ಕೊನೆಗೆ ನಮ್ಮೆಲ್ಲರನ್ನೂ ಬಿಡಿಸಿದವಳು ಆಯಿ. ಹುಬ್ಬಿನಿಂದ ರಕ್ತ ಸೋರುತ್ತಿತ್ತು, ಅವಳು ನನಗೇ ಬೈದಳು. "ಅಪ್ಪನ್ನ ಕಚ್ತ್ಯಾ? ಅಂವ್ನಿಗೆ ಮೈಮೇಲೆ ಖಬರಿಲ್ಲ, ನಿಂಗೂ ಇಲ್ವಾ?" ಎಂದಳು. ಅಣ್ಣ ಮುರಿದ ಹಲ್ಲನ್ನು ಹೆಕ್ಕಿಕೊಂಡು ಹಿತ್ತಲಿಗೆ ಹೋಗಿ ಬಾಯಿ ತೊಳೆದ. 

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಪುಣ್ಯಕ್ಕೊಂದು ತೊರಕೆ ಮೀನು ಬಂತು. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲ, ಅಪ್ಪ ಸಣ್ಣ ದೋಣಿಯಲ್ಲಿ ಅಳಿವೆಯ ಒಳಗೇ ಬಲೆ ಬಿಡುತ್ತಿದ್ದ. ಕೆಸರು ನೀರಿನಲ್ಲಿ ಕಾಲಿಟ್ಟಾಗ ತೊರಕೆ ಬಾಲದ ಮುಳ್ಳನ್ನು ಅವನ ಪಾದಕ್ಕೆ ಇಳಿಸಿತು. ಹೊತ್ತುಕೊಂಡು ತಂದು ಜಗಲಿಯ ಮೇಲೆ ಹಾಕಿದರು. ಪಾದ ಊದಿ ಹಲಸಿನ ಕಾಯಿಯಾಯಿತು, ಕೀವು ತುಂಬಿತು, ಡಾಕ್ಟರು ಕೊಯ್ದು ಕಟ್ಟಿದರು. ಕಾಲು ಊರಲೇಬಾರದು ಎಂದರು. ಅಪ್ಪ ನೋವಿಗೆ ಕೂಗುತ್ತಿದ್ದರೆ ನಾನು ಅಂಗಡಿಗೆ ಹೊರಡಲು ತಲೆ ಬಾಚಿ ಜಡೆ ಹೆಣೆದುಕೊಳ್ಳುತ್ತಿದ್ದೆ. ಅಯ್ಯೋ ಎನ್ನಿಸಲಿಲ್ಲ.

ಶೆರೆ ಅಂಗಡಿ ಇರುವುದು ಸದಾಶಿವಗಡದಲ್ಲಿ, ನಡೆದು ಹೋಗಬೇಕು. ಅಪ್ಪನಿಗೆ ಬಾಗಿಲು ದಾಟಲೂ ಆಗುತ್ತಿರಲಿಲ್ಲ. ಮಲಗಿದಲ್ಲಿಂದಲೇ ಚೊಂಬು, ಎಲೆ ಅಡಿಕೆಯ ಪೆಟ್ಟಿಗೆ, ಔಷಧಿ ಬಾಟಲಿ, ಕೈಗೆ ಸಿಕ್ಕಿದ್ದನ್ನು ಎಸೆದು ಶೆರೆ ಕೇಳಿದ. ಅಣ್ಣ ಅವನ ಮುಂದೆ ಕೂತು, ಹಲ್ಲಿಲ್ಲದ ಸಂದಿನಲ್ಲಿ ಗಾಳಿ ಬಿಡುತ್ತ, "ಅಪ್ಪಾ, ಅಂಗ್ಡಿ ಶೆರೆ ಎಂತಕ್ಕೆ? ಫಾರಿನ್ ಸಾಯೇಬ್ರು ಕುಡೂದು ನಾನೇ ಮಾಡಿ ಕೊಡ್ತೆ," ಎಂದ. ಅಪ್ಪನಿಗೆ ಅದು ರುಚಿಸಿತು. ಅಣ್ಣನ ಲೆಕ್ಕಾಚಾರ ನನಗೆ ಅಡುಗೆಮನೆಯಲ್ಲಿ ತಿಳಿಯಿತು. ದಿನದಿನವೂ ರಮ್ಮು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬರುವುದು, ಕೊನೆಗೆ ಒಂದು ಹನಿಯೂ ಇಲ್ಲದಂತೆ ಮಾಡುವುದು. ಕಾಲು ವಾಸಿಯಾಗುವಷ್ಟರಲ್ಲಿ ಅಪ್ಪನ ಮೈಯಿಂದ ಶೆರೆ ಇಳಿದಿರಬೇಕು, ಆಯಿಗೆ ಬೀಳುವ ಏಟು ನಿಲ್ಲಬೇಕು. "ಆಯಿಗೆ ಹೇಳ್ಬೇಡ, ಅವ್ಳ ಮುಖ ನೋಡಿದ್ರೆ ಅಂವ್ನಿಗೆ ಗೊತ್ತಾಗ್ತದೆ," ಎಂದ.

ಹೀಗೆ ನಮ್ಮ ಮನೆಯ ಬಾರು ಶುರುವಾಯಿತು. ಅನಾನಸನ್ನು ಕೊಯ್ದು, ಕಣ್ಣು ತೆಗೆದು, ಮಿಕ್ಸಿಗೆ ಹಾಕುವುದು. ತೆಂಗಿನಕಾಯಿ ತುರಿದು, ನೀರು ಸೋಕಿಸದೆ ಹಿಂಡಿದ ಮೊದಲ ಹಾಲು. ಬೆಲ್ಲದ ಪಾಕ, ಅರ್ಧ ಲಿಂಬೆ, ರಮ್ಮು. ಇದನ್ನೆಲ್ಲ ಆಯಿಯ ಹಾಲಿನ ಕ್ಯಾನಿಗೆ ಸುರಿದು, ನಾನು ಒಡೆದ ಐಸು ಹಾಕಿ, ಮೇಲೊಂದು ಸ್ಟೀಲ್ ಲೋಟ ಕವುಚಿ ಅಣ್ಣ ಕುಲುಕುತ್ತಿದ್ದ. ಕ್ಯಾನಿನ ಹೊರಗೆ ಬೆವರೊಡೆದು ಕೈಗೆ ಅಂಟುವಷ್ಟು ತಣ್ಣಗಾಗಬೇಕು. ಲೋಟ ಬೇಡವೆಂದು ಅವನು ಕರಟ ಉಜ್ಜಿ ನುಣುಪು ಮಾಡಿದ್ದ. ಕರಟ ಉರುಳುತ್ತದೆಂದು ಅದರ ಕೆಳಗೆ ಆಯಿಯ ಸಿಂಬೆ, ಮೇಲೆ ಚಿಟಿಕೆ ಜಾಯಿಕಾಯಿ ಪುಡಿ, ಅಂಚಿಗೊಂದು ಕಾಗದದ ಕೊಡೆ. ಇನ್ನೊಂದು ಬಗೆಯದಕ್ಕೆ ಅನಾನಸಿನ ಬದಲು ಮೂಸಂಬಿ ರಸ, ಅಡಿಯಲ್ಲಿ ಮುರುಗಲ ಹಣ್ಣಿನ ಕೆಂಪು ಪಾಕ. ಕುಲುಕದೆ ಹೊಯ್ದರೆ ಕೆಳಗೆ ಕೆಂಪು, ಮೇಲೆ ಹಳದಿ. ಹಡಗಿನಲ್ಲಿ ಇದಕ್ಕೆ ಸಂಜೆಯ ಹೆಸರಿದೆಯಂತೆ.

ರಮ್ಮು ಕಡಿಮೆಯಾದಂತೆ ಅಣ್ಣನ ಕಸುಬು ಹೆಚ್ಚಾಯಿತು. ಗಂಟಲು ಸುಡಬೇಕಲ್ಲ, ಅದಕ್ಕೆ ಹಸಿಶುಂಠಿಯ ರಸ. ಎದೆ ಬೆಚ್ಚಗಾಗಬೇಕಲ್ಲ, ಅದಕ್ಕೆ ಲವಂಗ, ಕಾಳುಮೆಣಸು ಕುದಿಸಿದ ನೀರು. ಕಹಿಗೆ ಸುಟ್ಟ ಬೆಲ್ಲ. ಕೊನೆಗೆ ಬಟ್ಟೆಯ ತುದಿಗೆ ರಮ್ಮು ತಾಗಿಸಿ ಕರಟದ ಹೊರ ಅಂಚಿಗೆ ಒರೆಸುತ್ತಿದ್ದ. "ಕುಡೂದು ಬಾಯಿ ಅಲ್ಲ, ಮೂಗು," ಎನ್ನುತ್ತಿದ್ದ. ಅಪ್ಪ ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿ, ಒಂದು ಗುಟುಕು ನುಂಗಿ, "ಹಾಂ, ಇದಪಾ ಮಾಲು," ಎಂದು ತೊಡೆ ತಟ್ಟುತ್ತಿದ್ದ.

ಮಳೆಗೆ ಕೆಲಸವಿಲ್ಲದ ಗಂಡಸರು ಸಂಜೆ ಇಣುಕಿ ಹೋಗುತ್ತಿದ್ದರು. "ಎಂತಾ ಮಾರಾಯಾ, ನಮ್ ತಲೆಗೆ ಕೊಡೆ ಇಲ್ಲ, ನಿನ್ ಶೆರೆಗೆ ಕೊಡೆ!" ಎಂದು ಕೆಣಕಿದರೆ ಅಪ್ಪ ಕೊಡೆಯನ್ನು ಕಿವಿಗೆ ಸಿಕ್ಕಿಸಿಕೊಂಡು ನಗಿಸುತ್ತಿದ್ದ. ಹಾಡುತ್ತಿದ್ದ. ಒಂದು ಕರಟ ಮುಗಿಯುವಷ್ಟರಲ್ಲಿ ನಾಲಿಗೆ ತೊದಲುತ್ತಿತ್ತು, ಕತ್ತು ಓಲಾಡುತ್ತಿತ್ತು. ಅಣ್ಣ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದ. ಒಳಗೆ ಇದ್ದದ್ದು ಶುಂಠಿ.

ಆ ದಿನಗಳಲ್ಲಿ ಆಯಿಯ ಮೈ ಬಣ್ಣ ತಿರುಗುವುದನ್ನು ನಾನು ನೋಡಿದೆ. ತೋಳಿನ ಕಪ್ಪು ಹಸಿರಾಯಿತು, ಹಸಿರು ಹಳದಿಯಾಯಿತು, ಆಮೇಲೆ ಅವಳದೇ ಬಣ್ಣ ಬಂತು. ಸ್ನಾನಕ್ಕೆ ಬೆನ್ನು ತಿಕ್ಕುವಾಗ ಒಂದೂ ಗುರುತು ಕಾಣದೆ ನನ್ನ ಕಣ್ಣಲ್ಲಿ ನೀರು ಬಂತು. ಪೇಟೆಯಿಂದ ಬಂದವಳು ಅಂಗಳದಲ್ಲೇ ನಿಂತು ಒಳಗಿನ ಸದ್ದು ಕೇಳಿ, ಆಮೇಲೆ ಒಳಗೆ ಬರುವ ಅಭ್ಯಾಸ ಅವಳದು. ಅದನ್ನು ಬಿಟ್ಟಳು. ನೇರ ಬಂದು ಬುಟ್ಟಿ ಇಳಿಸತೊಡಗಿದಳು. "ನಿನ್ ಕೈಲಿ ದೇವ್ರಿದಾನೆ ತಮಾ," ಎಂದು ಅಣ್ಣನ ತಲೆ ಸವರಿದಳು. ಅಣ್ಣ ಉಬ್ಬಿಹೋದ. ನಾನೂ ಉಬ್ಬಿದೆ, ಸುಳ್ಳೇಕೆ.

ಅಪ್ಪನ ಕಾಲು ವಾಸಿಯಾಗುತ್ತ ಬಂತು. ಮೊದಲು ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು ಅಂಗಳದವರೆಗೆ ನಡೆದ. ಅಷ್ಟರಲ್ಲಿ ಕರಟಕ್ಕೆ ರಮ್ಮು ಹಾಕುವುದು ನಿಂತೇ ಬಹಳ ದಿನವಾಗಿತ್ತು. ಅವನು ಬೇರೆಲ್ಲೂ ಕುಡಿದಿರಲಿಲ್ಲ, ಕುಡಿಯಲು ಹೋಗುವ ಕಾಲೇ ಇರಲಿಲ್ಲ. ಕಣ್ಣಿನ ಕೆಂಪು ಹೋಗಿತ್ತು, ಕೈ ನಡುಗುವುದು ನಿಂತಿತ್ತು. ಇನ್ನು ಹೇಳಿಬಿಡೋಣ, ಇಷ್ಟು ದಿನ ನೀನು ಕುಡಿದದ್ದು ಬರೀ ಹಣ್ಣಿನ ರಸ ಎಂದು ಹೇಳಿ ನಗೋಣ ಎಂದು ಅಣ್ಣ ದಿನ ನೋಡುತ್ತಿದ್ದ.

ಆ ಸಂಜೆ ಮಳೆ ಬಿಟ್ಟು ಒಂದಿಷ್ಟು ಬಿಸಿಲು ಬಿದ್ದಿತ್ತು. ಅಪ್ಪ ಮೊದಲ ಬಾರಿ ಕೋಲಿಲ್ಲದೆ ಎದ್ದು ನಿಂತ. ಕಿವಿಯಲ್ಲಿ ಗುಲಾಬಿ ಬಣ್ಣದ ಕಾಗದದ ಕೊಡೆ. ಎರಡು ಹೆಜ್ಜೆ ಇಟ್ಟು, ಓಲಾಡಿ, ಬಾಗಿಲ ದಾರಂದ ಹಿಡಿದುಕೊಂಡ. ಆಯಿ ಅವನನ್ನು ನೋಡಿ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಾಗದೆ, ಹುಡುಗಿಯಂತೆ ನಕ್ಕಳು. ಅವಳು ಹಾಗೆ ನಗುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅಪ್ಪ ಕೈಯಲ್ಲಿದ್ದ ಕರಟವನ್ನು ಅವಳ ಬಾಯಿಗೆ ಬೀಸಿದ. ಕರಟ ಒಡೆಯಿತು, ತುಟಿ ಸೀಳಿತು. "ನಗ್ತ್ಯಾ? ನನ್ ನೋಡಿ ನಗ್ತ್ಯಾ?" ಎಂದು ತೊದಲುತ್ತ ಕೂದಲು ಹಿಡಿದು ಎಳೆದ. ಅರೆಯುವ ಕಲ್ಲಿನ ಅಂಚಿಗೆ ಅವಳ ಪಕ್ಕೆ ತಾಗಿದ್ದು ಸದ್ದಾಗಿ ಕೇಳಿತು. ಬಿದ್ದವಳನ್ನು ಒದ್ದ, ವಾಸಿಯಾದ ಕಾಲಿನಿಂದಲೇ ಒದ್ದ. ಅಣ್ಣ ಅವನ ಮೇಲೆ ಬಿದ್ದ, ನಾನು ಅಪ್ಪನ ಕಾಲು ಹಿಡಿದೆ. ಅಣ್ಣ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದುತ್ತಿದ್ದ. ಪ್ರತಿ ಗುದ್ದಿಗೂ "ಎಂತಕ್ಕೆ? ಈಗ ಎಂತಕ್ಕೆ?" ಎಂದು ಕೇಳುತ್ತಿದ್ದ. ಅಪ್ಪನಿಗೆ ಆ ಪ್ರಶ್ನೆ ಅರ್ಥವಾಗುವ ಹಾಗಿರಲಿಲ್ಲ. ನೆಲದ ತುಂಬ ಅನಾನಸು, ಐಸು, ಆಯಿಯ ರಕ್ತ.

ಬೆಳಗ್ಗೆ ಅಪ್ಪ ಎದ್ದು, ಊದಿದ ಮುಖ ಮುಟ್ಟಿ ನೋಡಿಕೊಂಡು, ತಲೆ ಕೆರೆದುಕೊಂಡು ಹೇಳಿದ, "ನಿನ್ನೆ ಸ್ವಲ್ಪ ಹೆಚ್ಚಾಯ್ತು ಕಾಣ್ತದೆ. ಎಂತಾ ಮಾಡ್ದೆನೋ, ನೆನಪೇ ಇಲ್ಲ."

ಅಣ್ಣ ಎದ್ದು ಅಡುಗೆಮನೆಗೆ ಹೋದ. ಆಯಿ ಒಲೆಯ ಮುಂದೆ ಒಂದು ಪಕ್ಕಕ್ಕೆ ವಾಲಿ ಕೂತಿದ್ದಳು, ಉಸಿರೆಳೆದರೆ ಪಕ್ಕೆ ನೋಯುತ್ತಿತ್ತು. ಅವನು ಅವಳ ಬಲಕ್ಕೆ ಕೂತು, ಕೇಳುವ ಕಿವಿಗೆ ಹೇಳಿದ. "ಆಯಿ, ಅದ್ರಲ್ಲಿ ಶೆರೆ ಇರ್ಲಿಲ್ಲ. ಒಂದ್ ಹನಿನೂ ಇರ್ಲಿಲ್ಲ. ಸುಮಾರ್ ದಿನದಿಂದ ಇಲ್ಲ." ಹೇಳುವಾಗ ಅವನು ಅಳುತ್ತಿದ್ದ. ಆಯಿ ಅಳಲಿಲ್ಲ. ಕ್ಯಾನಿನಲ್ಲಿ ನಿನ್ನೆಯದು ತಳದಲ್ಲಿ ಉಳಿದಿತ್ತು. ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು, ಸೀಳಿದ ತುಟಿಗೆ ಲಿಂಬೆ ಹತ್ತಿ ಉರಿಯುತ್ತಿದ್ದರೂ ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ನಾನು ಗಂಜಿ ಬಸಿದೆ, ಪಾತ್ರೆ ತೊಳೆದೆ, ಅಂಗಳ ಗುಡಿಸಿದೆ. ಅವಳು ಕೂತೇ ಇದ್ದಳು.

"ನಂಗೆ ಯಾರಿಗೂ ಹೊಡೂಕೆ ಮನ್ಸಾಗ್ಲಿಲ್ಲ," ಎಂದಳು ಕೊನೆಗೆ.

ಆಮೇಲೆ ಎದ್ದು, ಸೀರೆ ಬದಲಾಯಿಸಿ, ಮಾಜಾಳಿ ಗಡಿಯಾಚೆಯಿಂದ ತರಿಸಿ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದ ಫೆಣಿಯ ಬಾಟಲಿ ತೆಗೆದಳು. ಹರಕೆಯದು. ಅದು ಮನೆಯಲ್ಲಿದ್ದದ್ದು ನಮಗೂ ಗೊತ್ತಿರಲಿಲ್ಲ. ನಾನು ಅವಳ ರಟ್ಟೆ ಹಿಡಿದು ಜೊತೆಗೆ ಹೋದೆ. ದಾರಿಯಲ್ಲಿ ಎದುರಾದವರು ಅವಳ ಮುಖ ನೋಡಿ ಬೇರೆ ಕಡೆ ತಿರುಗಿದರು. ಕಾಕಿ ಬೇಲಿಯಿಂದ, "ಮತ್ತೆ ಕುಡ್ದ್ನಾ ಬಾಯ್?" ಎಂದಳು. ಆಯಿ ನಿಲ್ಲಲಿಲ್ಲ.

ನದಿ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಆಯಿ ಬೀಡಿ ಹಚ್ಚಿ ಕಲ್ಲಿನ ಮುಂದಿಟ್ಟಳು, ಬಾಟಲಿ ಬಗ್ಗಿಸಿ ಫೆಣಿಯನ್ನೆಲ್ಲ ಹೊಯ್ದಳು. ನನಗೆ ಸಿಟ್ಟು ನೆತ್ತಿಗೇರಿತ್ತು. "ಇಷ್ಟೆಲ್ಲಾ ಆದ್ಮೇಲೂ ಇಂವ್ನಿಗೆ ಕೊಡ್ತ್ಯಾ? ಎಂತಾ ಮಾಡ್ದ ಇಂವ?" ಎಂದು ದೇವರ ಎದುರಿಗೇ ಕೇಳಿದೆ. ಆಯಿ ಬಾಟಲಿಯ ಕೊನೆಯ ಹನಿ ಕೊಡವಿದಳು.

"ಅಂವ್ನ್ ಕೆಲ್ಸ ಅಂವ ಮಾಡಿದಾನೆ. ಕುಡೂದು ಬಿಡ್ಸು ಅಂದೆ, ಬಿಡ್ಸ್ದ. ಕೇಳ್ದೋಳು ನಾನು. ಕೇಳೂದನ್ನೇ ತಪ್ಪಿ ಕೇಳ್ದೆ," ಎಂದಳು.

 ಹಿಂತಿರುಗುವಾಗ ದಾರಿಯುದ್ದಕ್ಕೂ ನಾನು ಯೋಚಿಸಿದೆ. ಅಷ್ಟು ದಿನ ಅಪ್ಪ ಹೊಡೆಯದೆ ಇದ್ದದ್ದು ಅಣ್ಣನ ಕೈಚಳಕದಿಂದಲ್ಲ. ಎದ್ದು ನಿಲ್ಲಲು ಆಗುತ್ತಿರಲಿಲ್ಲ, ಅದಕ್ಕೆ ಹೊಡೆಯಲಿಲ್ಲ. ನಾವು ಆ ತೊರಕೆ ಮೀನಿಗೆ ಹರಕೆ ಹೊರಬೇಕಿತ್ತು.

ಆ ಸಂಜೆ ಆಯಿ ತಾನೇ ಮಾಡುತ್ತೇನೆಂದಳು. ಅಣ್ಣ ಬೇಡವೆಂದರೂ ಕೇಳಲಿಲ್ಲ. ಅನಾನಸು ಹೆಚ್ಚಿದಳು, ಕಾಯಿಹಾಲು ಹಿಂಡಿದಳು, ಶುಂಠಿ ಜಜ್ಜಿದಳು, ಪಕ್ಕೆ ಹಿಡಿದುಕೊಂಡೇ ಕ್ಯಾನು ಕುಲುಕಿದಳು. ಬಟ್ಟೆಗೆ ರಮ್ಮು ತಾಗಿಸಿ ಕರಟದ ಅಂಚಿಗೂ ಒರೆಸಿದಳು. ಇಷ್ಟು ದಿನ ಅವಳು ನೋಡಿಯೂ ನೋಡದಂತೆ ಎಲ್ಲವನ್ನೂ ನೋಡಿದ್ದಳು. ಕೊಡೆ ಸಿಕ್ಕಿಸಿ ಜಗಲಿಯಲ್ಲಿದ್ದ ಅಪ್ಪನಿಗೆ ಕೊಟ್ಟು, ಐಸಿನ ಗಂಟು ಮತ್ತು ಕೊಡತಿ ತಗೊಂಡು ಅವನೆದುರೇ ಕಲ್ಲಿನ ಬಳಿ ಕೂತಳು. ಅಣ್ಣ, ನಾನು ಬಾಗಿಲಲ್ಲಿ ನಿಂತೆವು.

ಅಪ್ಪ ಒಂದು ಕರಟ ಮುಗಿಸಿದ. "ಇವತ್ತ್ ಗಟ್ಟಿ ಮಾಡಿದ್ಯಲಾ," ಎಂದು ನಾಲಿಗೆ ತೊದಲಿಸಿದ. ಕತ್ತು ಓಲಾಡತೊಡಗಿತು.

ಆಯಿ ಐಸಿಗೊಂದು ಏಟು ಹಾಕಿ ಹೇಳಿದಳು, "ಅದ್ರಲ್ಲಿ ಶೆರೆ ಇಲ್ಲ. ನಿನ್ನೆನೂ ಇರ್ಲಿಲ್ಲ. ಸುಮಾರ್ ದಿನಾಯ್ತು, ನೀವು ಕುಡ್ದೇ ಇಲ್ಲ."

ಅಪ್ಪನ ಕತ್ತು ನಿಂತಿತು. ತೊದಲು ಎಲ್ಲಿ ಹೋಯಿತೋ, ಕಣ್ಣು ನೆಟ್ಟಗಾಯಿತು. ಅಣ್ಣನ ಕಡೆ ನೋಡಿದ, ನನ್ನ ಕಡೆ ನೋಡಿದ. ಅವನಿಗೆ ನಾಚಿಕೆಯಾಗುತ್ತದೆ ಎಂದು ನಾನು ಒಂದು ಕ್ಷಣ ಕಾದೆ. ಅವನು ಸ್ಪಷ್ಟವಾಗಿ, ಒಂದಕ್ಷರವೂ ತಡವರಿಸದೆ, ಆಯಿಯ ಹುಟ್ಟನ್ನು ಎತ್ತಿ ಒಂದು ಬೈಗುಳ ಬೈದ. ಎದ್ದು ಬಗ್ಗಿ ಎಡಗೈಯಿಂದ ಅವಳ ತುರುಬು ಹಿಡಿದ. ಕಾಲು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಆಯ ತಪ್ಪದಂತೆ ಬಲಗೈಯನ್ನು ಕಲ್ಲಿನ ಮೇಲೆ ಊರಿದ.

ಆಯಿ ಕೊಡತಿ ಎತ್ತಿ ಆ ಕೈಯ ಮೇಲೆ ಹಾಕಿದಳು. ಐಸು ಒಡೆದ ಸದ್ದಲ್ಲ ಅದು. ಅವನು ತುರುಬು ಬಿಟ್ಟು ಕೂಗುವುದರೊಳಗೆ ಇನ್ನೊಂದು ಹಾಕಿದಳು, ಮಣಿಕಟ್ಟಿಗೆ. ಅಪ್ಪ ಕಲ್ಲಿನ ಪಕ್ಕಕ್ಕೆ ಕುಸಿದ. ಆಯಿ ಮೂರನೆಯದಕ್ಕೆ ಎತ್ತಿದ್ದ ಕೊಡತಿಯನ್ನು ಹಾಗೇ ಹಿಡಿದುಕೊಂಡು ಅವನ ಕಣ್ಣನ್ನೇ ನೋಡಿದಳು. ಅವನು ಕಣ್ಣು ಕೆಳಗೆ ಹಾಕಿದ ಮೇಲೆ ಇಳಿಸಿದಳು. ಬಿಡಿಸಲು ನಾವು ಯಾರೂ ಹೋಗಲಿಲ್ಲ. ಬೇಲಿಯಾಚೆ ಕಾಕಿ ಬಂದು ನಿಂತವಳು ಒಳಗೆ ಹೋದಳು.

ಆ ಕೈ ಆಮೇಲೆ ಆಯಿಯ ಮೇಲೆ ಏಳಲಿಲ್ಲ. ಎಡಗೈ ಇತ್ತು, ಕಾಲಿತ್ತು, ಅವೂ ಏಳಲಿಲ್ಲ. ಅಣ್ಣ ಹಡಗಿಗೆ ಹೋದ ಮೇಲೆ ಅಪ್ಪ ಮತ್ತೆ ಸದಾಶಿವಗಡದ ಅಂಗಡಿಗೆ ಹೋಗತೊಡಗಿದ, ಮೊದಲಿನಂತೆಯೇ ಕುಡಿದ, ತೂರಾಡುತ್ತ ಬಂದು ಸುಮ್ಮನೆ ಮೂಲೆಯಲ್ಲಿ ಮಲಗಿದ. ಕೊಡತಿ ಮಾತ್ರ ಒಲೆಯ ಹಿಂದಕ್ಕೆ ಹೋಗಲಿಲ್ಲ, ಜಗಲಿಯ ಕಲ್ಲಿನ ಮೇಲೇ ಉಳಿಯಿತು. ಹಬ್ಬಕ್ಕೆ ನೆಂಟರು ಬಂದರೆ ನಾನು ಈಗಲೂ ಆ ಅನಾನಸಿನದನ್ನು ಮಾಡುತ್ತೇನೆ. ರಮ್ಮು ಹಾಕುವುದಿಲ್ಲ.

ಆದರೆ ನಾನು ಮರೆಯಲಾರದ್ದು ಆ ಏಟು ಬಿದ್ದ ಮರುದಿನ ಬೆಳಗ್ಗೆಯದು. ಹೊಳೆಯ ಮೇಲ್ಬದಿಯ ಕಿನ್ನರ ಎಂಬ ಊರಿನಲ್ಲಿ ಮೂಳೆ ಕಟ್ಟುವ ಒಬ್ಬ ಅಜ್ಜ ಇದ್ದ. ಅಪ್ಪನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆವು. ಕೈ ಊದಿ, ಬೆರಳುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ಅಜ್ಜ ಮುಟ್ಟಿ ನೋಡಿ, "ಎಂತಾ ಆದ್ದು ಇದು?" ಎಂದು ಕೇಳಿದ. ಅಪ್ಪ ಆಯಿಯ ಕಡೆ ನೋಡಿದ. ಅವಳ ತುಟಿ ಇನ್ನೂ ಸೀಳಿಕೊಂಡಿತ್ತು.

"ಕುಡ್ದಿದ್ದೆ. ಮೆಟ್ಲ ಮೇಲಿಂದ ಬಿದ್ದೆ," ಎಂದ ಅಪ್ಪ.

"ಕುಡೂದು ಬಿಡೋ ಮಾರಾಯಾ," ಎಂದು ಅಜ್ಜ ಬೈದು, ಆಯಿಯ ಕಡೆ ತಿರುಗಿದ. "ನಿಂಗಾದ್ರೂ ಬುದ್ಧಿ ಬ್ಯಾಡ್ವಾ? ಇಂವ ಹೀಂಗೆ ಬಿದ್ದು ಕೈ ಮುರ್ಕಂಬ್ಲಿ ಅಂತ ಬಿಡೂದಾ?"

ಆಯಿ ಕೇಳುವ ಕಿವಿಯನ್ನು ಅವನತ್ತ ತಿರುಗಿಸಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಜ್ಜನಿಗೆ ಮೂಳೆ ಎಳೆದು ಕೂರಿಸಲು ಅನುಕೂಲವಾಗಲೆಂದು ಅಪ್ಪನ ಮೊಣಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ಇವ್ರದ್ದು ಎಂತಾ ತಪ್ಪಿಲ್ಲ ಅಜ್ಜಾ," ಎಂದಳು. "ಎಲ್ಲಾ ಶೆರೆ ಮಾಡ್ಸೂದು. ನೀವು ಎಳೀರಿ."